ಮಗಳ ಮನೆಯಲ್ಲಿ ಐವತ್ತೊಂಬತ್ತು ದಿನ

2024ರ ಬೇಸಿಗೆಯಲ್ಲಿ ನಾವಿಬ್ಬರೂ ಇಂಗ್ಲೆಂಡಿಗೆ ಹೋಗಿ ಒಟ್ಟು 75 ದಿನ ಇದ್ದು ಬಂದೆವು. ಬಂದ ಮೇಲೆ ಎಲ್ಲರದೂ ಒಂದೇ ಪ್ರಶ್ನೆ, "ಏನೇನು ನೋಡಿದಿರಿ?" ಬ್ಯಾಂಕಿನವನಲ್ಲವೇ, ನಾನೂ ಒಂದು ಲೆಕ್ಕ ಹಾಕಿದೆ. ಬೆಲ್ಜಿಯಂ ಮತ್ತು ಹಾಲೆಂಡ್ 7 ದಿನ, ಸ್ವಿಟ್ಜರ್‌ಲೆಂಡ್ 9 ದಿನ. ಒಟ್ಟು 16. ಉಳಿದ 59 ದಿನ ರೆಡಿಂಗ್ ಎಂಬ ಊರಿನಲ್ಲಿ ಮಗಳ ಮನೆಯಲ್ಲಿ! ಫೋಟೋಗಳೆಲ್ಲ ಆ 16 ದಿನದವು. ಆದರೆ ಹೇಳಬೇಕಾದ ವಿಷಯ ಇರುವುದು ಈ 59 ದಿನಗಳಲ್ಲೇ ನೋಡಿ.

ಹೊರಡುವ ಮೊದಲೇ ನಮ್ಮ ದ್ವಾರಕಾದ ಸೊಸೈಟಿಯಲ್ಲಿ ಮೇಲಿನ ಮಹಡಿಯ ಪಂಜಾಬಿ ಆಂಟಿ ಹುಬ್ಬೇರಿಸಿದ್ದರು. "ಬೇಟಿ ಕೇ ಘರ್? ಢಾಯಿ ಮಹೀನೇ?" ಇಲ್ಲಿನ ಹಳಬರಲ್ಲಿ ಮದುವೆಯಾದ ಮಗಳ ಮನೆಯಲ್ಲಿ ನೀರು ಕೂಡ ಕುಡಿಯಬಾರದು ಎನ್ನುವವರಿದ್ದಾರೆ. ನಮ್ಮ ಕಡೆ ಅಷ್ಟಿಲ್ಲದಿದ್ದರೂ, "ಮಗಳ ಮನೆಯಲ್ಲಿ ಎರಡು ದಿನ ಚೆಂದ" ಅನ್ನುವ ಮಾತು ನಮ್ಮಜ್ಜಿಯ ಬಾಯಲ್ಲೂ ಇತ್ತು. ನಮಗಿರುವುದು ಒಬ್ಬಳೇ ಮಗಳು. ಅಳಿಯ ಲಖನೌ ಕಡೆಯವನು. ನಾಲ್ಕು ವರ್ಷದ ಮೊಮ್ಮಗಳು. ಅವರ ಮನೆ ಬಿಟ್ಟರೆ ನಮಗೆ ಹೋಗಲು ಇನ್ಯಾವ ಮಕ್ಕಳ ಮನೆ ಇದೆ ಹೇಳಿ?

ಹೋಗುವವರಿಗೆ ಅನುಕೂಲವಾಗಲಿ ಅಂತ ವೀಸಾ ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಂಗ್ಲೆಂಡಿಗೆ ಬೇರೆ ವೀಸಾ, ಯೂರೋಪಿನ ಉಳಿದ ಬಹುತೇಕ ದೇಶಗಳಿಗೆ ಷೆಂಗೆನ್ ವೀಸಾ. ಪ್ರವಾಸಿಗರಾಗಿ ಇಂಗ್ಲೆಂಡಿಗೆ ಹೋದ ಮೇಲೆ ಅಲ್ಲಿಂದಲೇ ಷೆಂಗೆನ್ ಮಾಡಿಸೋಣ ಅಂದರೆ ಸಾಮಾನ್ಯವಾಗಿ ಆಗುವುದಿಲ್ಲ. ನಾವು ವಾಸವಿರುವ ದೇಶದಲ್ಲೇ ಮಾಡಿಸಿಕೊಂಡು ಹೋಗಬೇಕು. ಎಲ್ಲಿ ಹೆಚ್ಚು ದಿನ ಇರುತ್ತೇವೋ ಆ ದೇಶಕ್ಕೆ ಅರ್ಜಿ, ಹಾಗಾಗಿ ನಮ್ಮದು ಸ್ವಿಟ್ಜರ್‌ಲೆಂಡಿಗೆ. ಮಧ್ಯೆ ಇಂಗ್ಲೆಂಡಿಗೆ ವಾಪಸಾಗಿ ಮತ್ತೆ ಹೋಗುವುದಿದ್ದರೆ 'ಮಲ್ಟಿಪಲ್ ಎಂಟ್ರಿ' ಅಂತ ಮರೆಯದೆ ಕೇಳಿ. ಸಿಂಗಲ್ ಎಂಟ್ರಿ ಸಿಕ್ಕರೆ ಎರಡನೆಯ ಪ್ರವಾಸಕ್ಕೆ ಕತ್ತರಿ. ಷೆಂಗೆನ್‌ನಲ್ಲಿ 180 ದಿನಕ್ಕೆ 90 ದಿನದ ಮಿತಿ. ಇಂಗ್ಲೆಂಡಿನಲ್ಲಿ ಕಳೆದ ದಿನಗಳು ಆ ಲೆಕ್ಕಕ್ಕೆ ಸೇರುವುದಿಲ್ಲ. ನಾವು ಮಾಡಿಸುವಾಗ ಇಂಗ್ಲೆಂಡಿನ ಆರು ತಿಂಗಳ ವೀಸಾಗೆ 115 ಪೌಂಡ್, ಷೆಂಗೆನ್‌ಗೆ 80 ಯೂರೋ ಇತ್ತು. ಅದೇ ಜೂನ್ 11ರಿಂದ 80 ಹೋಗಿ 90 ಆಯಿತು. ಷೆಂಗೆನ್‌ಗೆ ಕನಿಷ್ಠ 30,000 ಯೂರೋಗಳ ವಿಮೆಯೂ ಬೇಕು. ಎರಡಕ್ಕೂ ಪಾಸ್‌ಪೋರ್ಟ್ ಕೊಟ್ಟು ಕಾಯಬೇಕಾದ್ದರಿಂದ, ಫೆಬ್ರವರಿ ಕೊನೆಯಿಂದ ಮೇ ತಿಂಗಳವರೆಗೆ ಶಿವಾಜಿ ಸ್ಟೇಡಿಯಂ ಮೆಟ್ರೋ ಸ್ಟೇಷನ್ನಿನ ವೀಸಾ ಆಫೀಸಿಗೆ ಓಡಾಡಿದ್ದೇ ಓಡಾಡಿದ್ದು.

ಇನ್ನು ರಜೆ. ವರ್ಷಗಟ್ಟಲೆ ಕೂಡಿಟ್ಟ ಪ್ರಿವಿಲೇಜ್ ಲೀವ್ ಇತ್ತು. "ಎಲ್‌ಎಫ್‌ಸಿ ಹಾಕಿಬಿಡಿ ಸರ್" ಅಂತ ಒಬ್ಬ ಹುಡುಗ ಸಲಹೆ ಕೊಟ್ಟ. ಅವನು ಪಾಪ ಹೊಸಬ. ಒಂದು ಕಾಲದಲ್ಲಿ ಬ್ಯಾಂಕಿನ ಮಂದಿ ದಿಲ್ಲಿಯಿಂದ ಮದುರೈಗೆ ಹೋಗುವ ರಜಾ ಭತ್ಯೆಯಲ್ಲಿ ಕೊಲಂಬೋ, ಕೌಲಾಲಂಪುರ, ಸಿಂಗಪುರ ಸುತ್ತಿ ದಿಲ್ಲಿಗೆ ವಾಪಸಾಗುತ್ತಿದ್ದರು! 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಇಂಥ ಸುತ್ತುಬಳಸಿನ ವಿದೇಶ ಪ್ರಯಾಣಕ್ಕೆ ತೆರಿಗೆ ವಿನಾಯಿತಿ ಇಲ್ಲ ಎಂದು ಹೇಳಿ ಆ ಕಥೆ ಮುಗಿಸಿತು. ಹಾಗಾಗಿ ಖರ್ಚೆಲ್ಲ ಕೈಯಿಂದಲೇ.

ಮೇ 25ರಂದು ದಿಲ್ಲಿಯಲ್ಲಿ ಲೋಕಸಭೆಗೆ ಮತ ಹಾಕಿ, ಬೆರಳಿನ ಶಾಯಿ ಆರುವ ಮೊದಲೇ 27ಕ್ಕೆ ವಿಮಾನ ಹತ್ತಿದೆವು. ಪೆಟ್ಟಿಗೆಯಲ್ಲಿ ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ, ಗೊಜ್ಜವಲಕ್ಕಿ ಮತ್ತು ಒಂದು ಹಿತ್ತಾಳೆ ಕಾಫಿ ಫಿಲ್ಟರ್. ಹಾಲಿನ ಪದಾರ್ಥ ಒಯ್ಯುವಂತಿಲ್ಲವಾದ್ದರಿಂದ ತುಪ್ಪ ಮಾತ್ರ ಇಲ್ಲೇ ಉಳಿಯಿತು.

ರೆಡಿಂಗ್ ಲಂಡನ್ನಿನ ಪಶ್ಚಿಮಕ್ಕಿದೆ. ಥೇಮ್ಸ್ ನದಿಗೆ ಕೆನೆಟ್ ಎಂಬ ಸಣ್ಣ ನದಿ ಸೇರುವ ಊರು. ಮೊದಲ ವಾರ ಹಬ್ಬದಂತೆಯೇ ಕಳೆಯಿತು. ರಾತ್ರಿ ಒಂಬತ್ತಾದರೂ ಹೊರಗೆ ಬೆಳಕು. ನನ್ನಾಕೆಗೆ ದೊಡ್ಡ ಸಮಸ್ಯೆ, "ರೀ, ದೇವರ ಮುಂದೆ ಸಂಜೆ ದೀಪ ಹಚ್ಚೋದು ಎಷ್ಟು ಹೊತ್ತಿಗೆ?" ಕೊನೆಗೆ ದಿಲ್ಲಿಯ ಏಳು ಗಂಟೆಗೆ ಅಂತ ತೀರ್ಮಾನವಾಯಿತು. ಅಂದರೆ ಅಲ್ಲಿನ ಮಧ್ಯಾಹ್ನ ಎರಡೂವರೆಗೆ ಸಂಜೆ ದೀಪ!

ಅಲ್ಲಿನ ಮನೆಗಳು ಚಿಕ್ಕವು, ಗೋಡೆಗಳು ತೆಳು. ಅಳಿಯ ವಾರಕ್ಕೆ ಮೂರು ದಿನ, ಮಗಳು ಎರಡು ದಿನ ಮನೆಯಿಂದಲೇ ಕೆಲಸ. ಹತ್ತು ಗಂಟೆಗೆ ಮಿಕ್ಸಿ ಹಾಕಿದರೆ ಮೀಟಿಂಗಿನಲ್ಲಿರುವ ಹತ್ತು ಜನಕ್ಕೂ ನಮ್ಮ ಚಟ್ನಿಯ ಸುದ್ದಿ ತಲುಪುತ್ತದೆ. ಇನ್ನು ಒಗ್ಗರಣೆ. ಸಾಸಿವೆ ಸಿಡಿದು ಒಣಮೆಣಸಿನಕಾಯಿ ಕಮರುವ ಹೊತ್ತಿಗೆ ಸರಿಯಾಗಿ ಚಾವಣಿಯ ಸ್ಮೋಕ್ ಅಲಾರಂ ಕಿರುಚತೊಡಗುತ್ತದೆ. ಮಗಳು ಲ್ಯಾಪ್‌ಟಾಪ್ ಬಿಟ್ಟು ಓಡಿಬಂದು, ಟವೆಲ್ ಬೀಸಿ ಬೀಸಿ ಅದನ್ನು ಸುಮ್ಮನಾಗಿಸಬೇಕು. ನನಗೆ ಸಿಕ್ಕ ಖಾತೆ ಕಸದ್ದು. ಯಾವ ವಾರ ಯಾವ ಡಬ್ಬಿ ಹೊರಗಿಡಬೇಕು ಎಂಬುದನ್ನು ಆಡಿಟ್ ರಿಪೋರ್ಟಿನಷ್ಟೇ ಶ್ರದ್ಧೆಯಿಂದ ನೋಡಿಕೊಂಡೆ. ಮೊಮ್ಮಗಳನ್ನು ನರ್ಸರಿಗೆ ಬಿಟ್ಟು ಕರೆತರುವುದೂ ನನ್ನದೇ.

ನನ್ನಾಕೆಗೆ ಅಡಿಗೆಮನೆ. "ವಿಸಿಟರ್ ವೀಸಾದಲ್ಲಿ ಬಂದವರು ಕೆಲಸ ಮಾಡೋ ಹಾಗಿಲ್ಲವಂತೆ" ಅಂತ ನಾನು ಓದಿ ಹೇಳಿದರೆ, "ಹಾಗಾದ್ರೆ ಈ ಪಾತ್ರೆ ರಾಶಿ ಯಾರು ತೊಳೀತಾರೆ, ಇಂಗ್ಲೆಂಡ್ ಸರ್ಕಾರದವರಾ?" ಅಂದಳು.

ಮೂರನೇ ವಾರದಲ್ಲಿ ಎಡವಟ್ಟಾಯಿತು. ಅವಳು ಒಂದು ದಿನ ಯಾರೂ ಇಲ್ಲದ ಹೊತ್ತಿನಲ್ಲಿ ಅಡಿಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ, ಒರೆಸಿ, ತನಗೆ ಸರಿ ಕಂಡಂತೆ ಜೋಡಿಸಿಟ್ಟಳು. ಬೇಳೆ ಒಂದು ಕಡೆ, ಹಿಟ್ಟು ಒಂದು ಕಡೆ. ಸಂಜೆ ಮಗಳು ಮಗುವಿಗೆ ಹಾಲು ಕಾಯಿಸಲು ಬಂದವಳು ಸಕ್ಕರೆ ಸಿಗದೆ ನಾಲ್ಕು ಬಾಗಿಲು ತೆಗೆದು ಹಾಕಿದಳು. "ಅಮ್ಮಾ, ಪ್ಲೀಸ್, ಇದು ನನ್ನ ಕಿಚನ್. ಎಲ್ಲಾ ಎಲ್ಲೆಲ್ಲಿತ್ತೋ ಅಲ್ಲೇ ಇರ್ಲಿ" ಅಂದಳು. ದನಿ ಏರಿಸಲಿಲ್ಲ. ಇಡೀ ದಿನ ದುಡಿದು ಬಂದ ಸುಸ್ತು ಅಷ್ಟೆ. ಆದರೆ 'ನನ್ನ ಕಿಚನ್' ಅನ್ನುವ ಮಾತು ನಾಟಿತು. ರಾತ್ರಿ ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ ನನ್ನಾಕೆ ಹೇಳಿದ್ದು ಇಷ್ಟೇ, "ಟಿಕೆಟ್ ಮುಂಚೆಗೆ ಮಾಡಿಸೋಕೆ ಎಷ್ಟಾಗತ್ತೆ ನೋಡಿ."

ಎರಡು ದಿನ ಮನೆಯಲ್ಲಿ ಎಲ್ಲರೂ ಬಲು ಮರ್ಯಾದೆಯಿಂದ ನಡೆದುಕೊಂಡೆವು. ಮನೆಮಂದಿ ಪರಸ್ಪರ ಮರ್ಯಾದೆ ಕೊಡತೊಡಗಿದರೆ ಅದರಷ್ಟು ಕಷ್ಟ ಇನ್ನೊಂದಿಲ್ಲ! ಅಳಿಯ ಬೆಳಿಗ್ಗೆ ಚಹಾ ಮಾಡಿ, "ಮಮ್ಮೀಜಿ, ಅದ್ರಕ್ ಠೀಕ್ ಹೈ?" ಅಂತ ಎರಡೆರಡು ಸಲ ಕೇಳುತ್ತಿದ್ದ.

ಪುಣ್ಯಕ್ಕೆ ಮೊದಲೇ ಬುಕ್ ಮಾಡಿದ್ದ ಬೆಲ್ಜಿಯಂ ಪ್ರವಾಸ ಬಂತು. ಜೂನ್ 15ಕ್ಕೆ ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ಸ್ಟೇಷನ್ನಿನಿಂದ ಯೂರೋಸ್ಟಾರ್ ರೈಲು. ಆ ಕಡೆಯ ಇಮಿಗ್ರೇಷನ್ ಕೂಡ ಲಂಡನ್ನಿನಲ್ಲೇ ರೈಲು ಹತ್ತುವ ಮೊದಲೇ ಮುಗಿಯುತ್ತದೆ. ನಾವು ಹೋದಾಗ ಫ್ರಾನ್ಸಿನ ಅಧಿಕಾರಿ ಅಲ್ಲೇ ಕೂತು ಷೆಂಗೆನ್ ಮುದ್ರೆ ಒತ್ತಿದ್ದ. ಸುಮಾರು ಎರಡು ಗಂಟೆಯಲ್ಲಿ ಬ್ರಸೆಲ್ಸ್.

ಸಮುದ್ರದಡಿಯ ಸುರಂಗ ದಾಟಿದ ಮೇಲೆ ನನ್ನಾಕೆ ಬಾಯಿ ಬಿಟ್ಟಳು. "ನಿಮ್ಮಮ್ಮ ಮುನಿರ್ಕಾದಲ್ಲಿ ನನ್ನ ಡಬ್ಬ ಎಲ್ಲಾ ಮೇಲಿನ ಶೆಲ್ಫಿಗೆ ಏರಿಸಿದ್ರು, ನೆನಪಿದ್ಯಾ?"

ನೆನಪಿಲ್ಲದೆ ಏನು! ತೊಂಬತ್ತರ ದಶಕದಲ್ಲಿ ನಾವು ಮುನಿರ್ಕಾದ ಡಿಡಿಎ ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದೆವು. ಆಗ ದಿಲ್ಲಿಯ ಕನ್ನಡಿಗರ ಮನೆಗಳೆಲ್ಲ ಒಂದು ರೀತಿಯ ಧರ್ಮಛತ್ರಗಳೇ. ಊರಿನಿಂದ ಯಾರು ಕಾಶಿಗೆ, ಹರಿದ್ವಾರಕ್ಕೆ, ಬದರಿಗೆ ಹೊರಟರೂ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಬಂದು ನಮ್ಮಲ್ಲಿಳಿದು, ಎರಡು ದಿನ ಸುಧಾರಿಸಿಕೊಂಡು ಮುಂದಕ್ಕೆ ಹೋಗುವುದು. ಅಪ್ಪ-ಅಮ್ಮ ಅರಕಲಗೂಡಿನಿಂದ ಸಂಕ್ರಾಂತಿ ಮುಗಿಸಿ ಬಂದರೆ ಯುಗಾದಿಗೆ ವಾಪಸು. ಎರಡು-ಎರಡೂವರೆ ತಿಂಗಳು. ಅಮ್ಮನಿಗೆ ಹಿಂದಿ ಬಾರದು. ಮಲೈ ಮಂದಿರಕ್ಕೆ ಹೋದರೆ ಅಲ್ಲಿ ತಮಿಳು. ಹಾಗಾಗಿ ದಿನವಿಡೀ ಮಾತಿಗೆ ನನ್ನಾಕೆ ಒಬ್ಬಳೇ, ಕೆಲಸಕ್ಕೆ ಅವಳ ಅಡಿಗೆಮನೆಯೊಂದೇ. ಡಬ್ಬಗಳು ಮೇಲೇರದೆ ಇನ್ನೇನಾಗುತ್ತದೆ?

ಆದರೆ ಅಪ್ಪನಿಗೆ ತಿರುಗುವ ಹುಚ್ಚು. ಹದಿನೈದು ದಿನಕ್ಕೊಮ್ಮೆ ಅಮ್ಮನನ್ನು ಎಬ್ಬಿಸಿಕೊಂಡು ಮಥುರಾ, ಹರಿದ್ವಾರ, ಕಾಶಿ ಅಂತ ನಾಲ್ಕೈದು ದಿನ ಹೋಗಿಬಿಡುತ್ತಿದ್ದರು. ಆ ನಾಲ್ಕು ದಿನ ನಮ್ಮ ಮನೆ ನಮಗೆ. ಮೂರನೆಯ ದಿನಕ್ಕೆ ಏನೋ ಖಾಲಿ ಖಾಲಿ. ಅಮ್ಮ ಗಂಗೆಯ ತಂಬಿಗೆ ಹಿಡಿದು ಮೆಟ್ಟಿಲು ಹತ್ತಿ ಬರುವಾಗ ಬಿಸಿ ಬಿಸಿ ಹುಳಿ, ಅನ್ನ ಕಾದಿರುತ್ತಿತ್ತು. "ಉಸ್ಸಪ್ಪಾ, ಮನೆ ಸೇರಿದ ಹಾಗಾಯ್ತು" ಅನ್ನುತ್ತಿದ್ದಳು ಅಮ್ಮ. ಊರಿನಿಂದ ರೈಲಿಳಿದು ಬಂದಾಗ ಆ ಮಾತು ಬರುತ್ತಿರಲಿಲ್ಲ. ಹರಿದ್ವಾರದಿಂದ ಬಂದಾಗ ಬರುತ್ತಿತ್ತು. ಅಮ್ಮ ಹೋಗಿ ಹನ್ನೆರಡು ವರ್ಷವಾಯಿತು. ಈ ವಿಷಯ ನಾವಿಬ್ಬರೂ ಎಂದೂ ಆಡಿರಲಿಲ್ಲ. ಬ್ರಸೆಲ್ಸ್ ರೈಲಿನಲ್ಲಿ ಕೂತು ಆಡಿದೆವು.

ಬೆಲ್ಜಿಯಂನಲ್ಲಿ ವಾಟರ್ಲೂಗೆ ಹೋಗಿದ್ದು ನನ್ನ ಹಟಕ್ಕೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರ ಸೈನ್ಯದಲ್ಲಿದ್ದ, ಆಮೇಲೆ ಅದೇ ಪಟ್ಟಣದ ಆಡಳಿತ ನೋಡಿಕೊಂಡ ಆರ್ಥರ್ ವೆಲ್ಲೆಸ್ಲಿಯೇ 1815ರ ಜೂನ್ 18ರಂದು ಇಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್. ಮಣ್ಣಿನ ದಿಬ್ಬದ ಮೇಲೆ ಸಿಂಹ. ಹತ್ತಲು 226 ಮೆಟ್ಟಿಲು. ನನ್ನಾಕೆ ನೂರನೆಯ ಮೆಟ್ಟಿಲಿನಲ್ಲಿ ಕೂತು, "ಇದಕ್ಕಿಂತ ಶ್ರವಣಬೆಳಗೊಳ ವಾಸಿ, ಮೇಲೆ ದೇವರಾದ್ರೂ ಇದ್ದಾನೆ" ಅಂದಳು. ಆಮ್‌ಸ್ಟರ್‌ಡ್ಯಾಮ್‌ನಿಂದ ಲಂಡನ್ನಿಗೆ ನೇರ ರೈಲು ಆಗಷ್ಟೇ ತಾತ್ಕಾಲಿಕವಾಗಿ ನಿಂತಿತ್ತು. ಹಾಗಾಗಿ ಮತ್ತೆ ಬ್ರಸೆಲ್ಸ್ ಮೂಲಕವೇ ವಾಪಸು. ಅಲ್ಲಿನ ಸ್ಟೇಷನ್ನಿನಲ್ಲಿ ಬ್ರಿಟಿಷ್ ಅಧಿಕಾರಿಣಿ ಕೇಳಿದಳು, "ಎಲ್ಲಿ ಇರುತ್ತೀರಿ? ಎಷ್ಟು ದಿನ? ನಿಮ್ಮ ಮನೆಗೆ ಯಾವಾಗ ಹೋಗುತ್ತೀರಿ?"

ರೆಡಿಂಗ್ ತಲುಪಿದಾಗ ಮೊಮ್ಮಗಳು ಬಾಗಿಲಲ್ಲೇ ಇದ್ದಳು. ಒಳಗೆ ಮಗಳು ಹುಳಿ ಮಾಡಿಟ್ಟಿದ್ದಳು. ತೆಂಗಿನಕಾಯಿ ಸ್ವಲ್ಪ ಜಾಸ್ತಿಯಾಗಿತ್ತು, ಯಾರೂ ಹೇಳಲಿಲ್ಲ. ನನ್ನಾಕೆ ಕೈಕಾಲು ತೊಳೆದು ಬಂದು, "ಸಕ್ಕರೆ ಡಬ್ಬ ಎಲ್ಲಿಟ್ಟಿದ್ದೀಯೇ?" ಅಂತ ಮಗಳನ್ನೇ ಕೇಳಿದಳು. "ನೀನಿಟ್ಟ ಕಡೆನೇ ಇದೆ. ಹುಡುಕಿ ಹುಡುಕಿ ಈಗ ಅದೇ ಅಭ್ಯಾಸ ಆಗೋಗಿದೆ" ಅಂದಳು ಮಗಳು. ಮರುದಿನ ನಮಗೊಂದು ಬೀಗದ ಕೈ ಸಿಕ್ಕಿತು. ಟಿಕೆಟ್ ಮುಂಚೆ ಮಾಡಿಸುವ ಮಾತು ಮತ್ತೆ ಬರಲಿಲ್ಲ. ಹಾಗಂತ ಜಗಳವೇ ಆಗಲಿಲ್ಲ ಅಂತೇನಲ್ಲ. ಆದವು, ಆರಿದವು.

ಒಂದು ಶನಿವಾರ ಎಲ್ಲರೂ ಲಂಡನ್ನಿಗೆ ಹೋಗಿ, ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿರುವ ಬಸವಣ್ಣನವರ ಪ್ರತಿಮೆ ನೋಡಿದೆವು. ಕಲಬುರಗಿ ಮೂಲದ, ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲರ ಪ್ರಯತ್ನದ ಫಲ ಅದು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ನದಿಯ ಆಚೆ ದಡದಲ್ಲೇ ಪಾರ್ಲಿಮೆಂಟು. ಮೊಮ್ಮಗಳು ಪ್ರಶ್ನೆ ಹಾಕಿದಳು, "ಈ ತಾತನ ಮನೆ ಎಲ್ಲಿ?" ಬಸವಕಲ್ಯಾಣ ಅಂದೆ. "ಮತ್ತೆ ಇಲ್ಲಿ ಯಾರ ಮನೇಲಿದ್ದಾರೆ?" ಅಂದಳು. ಅರ್ಧ ಇಂಗ್ಲಿಷು, ಅರ್ಧ ಕನ್ನಡ. ನಾವು ಹೋದಾಗ ಅವಳಿಗೆ ಅಪ್ಪನ ಹಿಂದಿ, ನರ್ಸರಿಯ ಇಂಗ್ಲಿಷು ಅಷ್ಟೇ. ಮಗಳು ದಿಲ್ಲಿ ಕರ್ನಾಟಕ ಸಂಘದ ವೇದಿಕೆಯ ಮೇಲೆ ರಾಜ್ಯೋತ್ಸವಕ್ಕೆ ಕುಣಿದವಳೇ. ಆದರೆ ಹಗಲೆಲ್ಲ ಕೆಲಸ ಮಾಡುವವಳಿಗೆ ಮಗುವಿಗೆ ಇನ್ನೊಂದು ಭಾಷೆ ಕಲಿಸಲು ಪುರುಸೊತ್ತೆಲ್ಲಿ? ನಾವು ಬರುವ ಹೊತ್ತಿಗೆ 'ಬೇಕು, ಬೇಡ, ಸಾಕು, ಇನ್ನೊಂಚೂರು' ಗಟ್ಟಿಯಾಗಿತ್ತು. ಸಂಸಾರ ನಡೆಸಲು ಇಷ್ಟು ಸಾಕಲ್ಲವೇ!

ನಾವಿದ್ದಾಗಲೇ ಅಲ್ಲೂ ಚುನಾವಣೆ. ನಮ್ಮ ಅಳಿಯಂದಿರು, ಅಂದರೆ ನಾರಾಯಣಮೂರ್ತಿ-ಸುಧಾಮೂರ್ತಿ ದಂಪತಿಯ ಅಳಿಯ ರಿಷಿ ಸುನಕ್, ಮೇ 22ರಂದು ಮಳೆಯಲ್ಲಿ ನೆನೆಯುತ್ತಾ ಘೋಷಿಸಿದ್ದ ಚುನಾವಣೆ. ಜುಲೈ 4ಕ್ಕೆ ಮತದಾನ. ಮಗಳೂ ಅಳಿಯನೂ ಮತ ಹಾಕಲು ಹೊರಟಾಗ ನನಗೆ ಆಶ್ಚರ್ಯ. ಇಬ್ಬರದೂ ಭಾರತದ ಪಾಸ್‌ಪೋರ್ಟೇ. ಕಾಮನ್‌ವೆಲ್ತ್ ದೇಶದವರು ಕಾನೂನುಬದ್ಧವಾಗಿ ಅಲ್ಲಿ ನೆಲೆಸಿದ್ದರೆ ಪಾರ್ಲಿಮೆಂಟಿಗೆ ಮತ ಹಾಕಬಹುದಂತೆ! ಗುರುತಿಗೆ ನಮ್ಮ ಪಾಸ್‌ಪೋರ್ಟೇ ಸಾಕು. ಶಾಯಿ ಇಲ್ಲ, ಯಂತ್ರ ಇಲ್ಲ, ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಗುರುತು. ನನ್ನ ಬೆರಳಿನಲ್ಲಿ ದಿಲ್ಲಿಯ ಶಾಯಿ ಇನ್ನೂ ಉಗುರಿನ ಬುಡದಲ್ಲಿತ್ತು. ಸುನಕ್ ಸೋತರು. ಮರುದಿನ ಲೇಬರ್ ಪಕ್ಷದ ಕೀರ್ ಸ್ಟಾರ್ಮರ್ ಪ್ರಧಾನಿಯಾದರು.

ಆ ರಾತ್ರಿ ಟಿವಿ ಮುಂದೆ ಕೂತಿದ್ದಾಗ ಮಗಳು ಹೇಳಿದಳು, "ಅಪ್ಪಾ, ರಿಟೈರ್ ಆದ್ಮೇಲೆ ಇಲ್ಲಿಗೇ ಬಂದ್ಬಿಡಿ." ಅಳಿಯನೂ, "ಹಾಂ ಪಾಪಾ" ಅಂದ. ಮನಸ್ಸಿನಿಂದಲೇ ಅಂದರು. ಆದರೆ ನಾನು ನಿಯಮ ಓದಿದ್ದೆ. 2012ರ ಜುಲೈಯಿಂದ ತಂದೆತಾಯಿಯನ್ನು ಅಲ್ಲಿಗೆ ಕಾಯಮ್ಮಾಗಿ ಕರೆಸಿಕೊಳ್ಳುವುದು ಹೆಚ್ಚುಕಡಿಮೆ ಆಗದ ಮಾತು. ವಯಸ್ಸಿನಿಂದಲೋ ಕಾಯಿಲೆಯಿಂದಲೋ ಸ್ನಾನ, ಊಟಕ್ಕೂ ಇನ್ನೊಬ್ಬರ ಕೈ ಬೇಕಾಗಿರಬೇಕು. ಮಕ್ಕಳು ದುಡ್ಡು ಕಳಿಸಿದರೂ ಅಂಥ ಆರೈಕೆ ನಮ್ಮ ದೇಶದಲ್ಲಿ ಸಿಗುವಂತಿರಬಾರದು. ವಿಸಿಟರ್ ವೀಸಾದಲ್ಲೇ ಮೇಲಿಂದ ಮೇಲೆ ಹೋಗಿ ಅಲ್ಲೇ ಮುಖ್ಯ ಮನೆ ಮಾಡಿಕೊಳ್ಳುವುದಕ್ಕೂ ನಿಯಮ ಬಿಡುವುದಿಲ್ಲ. ಒಟ್ಟಿನಲ್ಲಿ ನಮ್ಮ ಪಂಜಾಬಿ ಆಂಟಿಯದೂ ಬ್ರಿಟನ್ ಸರ್ಕಾರದ್ದೂ ಒಂದೇ ಅಭಿಪ್ರಾಯ!

ಇದನ್ನೆಲ್ಲ ಹೇಳಿದಾಗ ಮಗಳು ಸುಮ್ಮನಾದಳು. "ಮತ್ತೆ ನಿಮಗೆ ಎಂಬತ್ತಾದಾಗ?" ಅಂದಳು. ನಾನು ದ್ವಾರಕಾದ ಫ್ಲ್ಯಾಟು, ಪಿಂಚಣಿ, ಮೆಡಿಕಲ್ ಇನ್ಶೂರೆನ್ಸ್ ಎಂದು ಶುರುಮಾಡಿದೆ. ನನ್ನಾಕೆ ತಡೆದಳು. "ಎಂಬತ್ತಾಗೋ ಹೊತ್ತಿಗೆ ಇಬ್ಬರೂ ಇರ್ತೀವಿ ಅಂತ ಏನು ಗ್ಯಾರಂಟಿ? ಒಬ್ಬರೇ ಉಳಿದಾಗ ಏನು ಅಂತ ಹೇಳಿ." ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಇಲ್ಲ. ನಮ್ಮ ಟವರಿನಲ್ಲೇ ಮಕ್ಕಳು ಹೊರದೇಶದಲ್ಲಿರುವ ನಾಲ್ಕು ಮನೆಗಳಿವೆ. ಎರಡರಲ್ಲಿ ಒಬ್ಬೊಬ್ಬರೇ ಇದ್ದಾರೆ. ಮಗು ಚಿಕ್ಕದು, ನವೆಂಬರ್-ಡಿಸೆಂಬರ್‌ನ ದಿಲ್ಲಿಯ ಹೊಗೆಗೆ ಕರೆತರಲು ಮಗಳಿಗೆ ಭಯ. ಅರಕಲಗೂಡಿನಲ್ಲಿ ತಮ್ಮನ ಮನೆಯಿದೆ, ಅಲ್ಲೂ ನಾವು ಮೂವತ್ತೈದು ವರ್ಷದಿಂದ ರಜೆಗೆ ಬರುವ ನೆಂಟರೇ.

ಜುಲೈ 10ಕ್ಕೆ ಸ್ವಿಟ್ಜರ್‌ಲೆಂಡ್. ಯುಂಗ್‌ಫ್ರೌಯೋಖ್‌ಗೆ ಬೆಟ್ಟದ ಹೊಟ್ಟೆಯೊಳಗೇ ಹೋಗುವ ರೈಲು 1912ರಿಂದ ಓಡುತ್ತಿದೆ. 3,454 ಮೀಟರ್ ಎತ್ತರ. ಅಲ್ಲಿ ಹಿಮದ ಮುಂದೆ ಗೊಜ್ಜವಲಕ್ಕಿ ತಿಂದೆವು. ಚೆಂದವೇನೋ ಚೆಂದವೇ, ಫೋಟೋ ನೋಡಿದವರಿಗೆ ನಾನು ಹೇಳಬೇಕಾದ್ದಿಲ್ಲ. ಏಳನೆಯ ದಿನಕ್ಕೆ ನನ್ನಾಕೆ, "ಮನೆಗೆ ಹೋದ ತಕ್ಷಣ ತಿಳಿಸಾರು ಮಾಡ್ತೀನಿ" ಅಂದಳು. ಯಾವ ಮನೆ ಅಂತ ನಾನು ಕೇಳಲಿಲ್ಲ. ಹೀಥ್ರೂ ವಿಮಾನ ನಿಲ್ದಾಣದಲ್ಲಿ ಮತ್ತದೇ ಪ್ರಶ್ನೆ, "ನಿಮ್ಮ ಮನೆಗೆ ಯಾವಾಗ ಹೋಗುತ್ತೀರಿ?" ಆಗಸ್ಟ್ 10 ಅಂದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಆರು ದಿನವಿರುವಾಗ ದಿಲ್ಲಿಗೆ ಬಂದಿಳಿದೆವು.

ಮಕ್ಕಳ ಮನೆಗೆ ಹೋಗುವ ನನ್ನ ವಯಸ್ಸಿನವರಿಗೆ ಒಂದೇ ಮಾತು. ಎರಡು-ಮೂರು ತಿಂಗಳು ಹೋಗುವುದಿದ್ದರೆ ಒಂದೇ ಸಮನೆ ಕೂರಬೇಡಿ. ನಡುನಡುವೆ ನಿಮ್ಮ ಪಾಡಿಗೆ ನೀವು ಎಲ್ಲಾದರೂ ಹೋಗಿ ಬನ್ನಿ. ಸ್ವಿಟ್ಜರ್‌ಲೆಂಡೇ ಆಗಬೇಕಿಲ್ಲ, ಪಕ್ಕದೂರಿನ ಸ್ನೇಹಿತರ ಮನೆಗೆ ನಾಲ್ಕು ದಿನವಾದರೂ ಸಾಕು. ಅವರಿಗೆ ಅವರ ಮನೆ ಸಿಗುತ್ತದೆ. ನಿಮಗೆ ಅವರ ಮನೆಗೆ 'ವಾಪಸು' ಬರುವ ಸುಖ ಸಿಗುತ್ತದೆ. ನಮ್ಮಪ್ಪ ಅಮ್ಮನನ್ನು ಹರಿದ್ವಾರಕ್ಕೆ ಹೊರಡಿಸುತ್ತಿದ್ದದ್ದು ಪುಣ್ಯಕ್ಕೋ, ಇದಕ್ಕೋ, ಕೇಳೋಣವೆಂದರೆ ಅವರಿಲ್ಲ.

ಎರಡು ವರ್ಷಕ್ಕೊಮ್ಮೆ ಅರವತ್ತು ದಿನ ಅಂತ ನಮ್ಮನಮ್ಮಲ್ಲಿ ಒಪ್ಪಂದವಾಗಿದೆ. ಹಿತ್ತಾಳೆ ಫಿಲ್ಟರನ್ನು ಅಲ್ಲೇ ಬಿಟ್ಟು ಬಂದಿದ್ದೇವೆ, ಸಕ್ಕರೆ ಡಬ್ಬದ ಪಕ್ಕದಲ್ಲಿ. ಮೊನ್ನೆ ವಿಡಿಯೋ ಕಾಲಿನಲ್ಲಿ ನೋಡಿದೆ. ಅಳಿಯ ಅದರಲ್ಲಿ ಚಹಾ ಸೋಸಲು ಹೊರಟಿದ್ದ, ಮೊಮ್ಮಗಳು "ಬೇಡ, ಬೇಡ, ಅದು ತಾತಂದು" ಅಂತ ಕೂಗುತ್ತಿದ್ದಳು.